ಎರಡನೇ ಸೊಲ್ಲು

"ಅಜ್ಜಿ ಸೊರ ಮಾತ್ರ ಸಾಕ್ ಅಕ್ಕಾ. ಹಿಂದ್ ಯಾರೋ ಒಬ್ಳ್ ಅಡ್ಡ ಬಾಯಿ ಹಾಕ್ತ್ಳಲೆ, ಅದನ್ನ್ ತೆಗುಕ್ ಆತ್ತಾ?"

ರಂಜನಿ ಕೇಳಿದ್ದು ಇಷ್ಟೇ. ರತ್ನಳ ಕೈ ಮೌಸಿನ ಮೇಲೆ ಹಾಗೆಯೇ ನಿಂತಿತು. ಬರುವ ವಾರ ಕೋಟದಲ್ಲಿ ಈ ಹುಡುಗಿಯ ಮದುವೆ. ಹಸೆಗೆ ಕೂರಿಸುವಾಗ, ತೀರಿಹೋದ ಅಜ್ಜಿ ಅಮ್ಮಣ್ಣಿ ಹಿಂದೆ ಇಲ್ಲೇ ಕ್ಯಾಸೆಟ್ಟಿಗೆ ಹಾಡಿದ ಶೋಭಾನೆಯನ್ನೇ ಹಾಕಬೇಕೆಂದು ಆಸೆ. ಒಳ್ಳೆಯ ಆಸೆಯೇ. ಆದರೆ ಆ ಅಡ್ಡ ಬಾಯಿ ರತ್ನಳದ್ದು.

ಕುಂದಾಪುರದ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ, ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ, ಗೋಡೆಗೆಲ್ಲ ಹಳೆ ಹಾಸಿಗೆ ಬಡಿದು 'ಮಧುಕಂಠ' ಕ್ಯಾಸೆಟ್ ಕಂಪನಿ ಶುರು ಮಾಡಿದ್ದು ಅವಳ ಅಣ್ಣ ಶಾಮರಾಯ. ಸಿದ್ದಾಪುರದ ಭಜನಾ ಮಂಡಳಿ, ಕೊಕ್ಕರ್ಣೆಯ ಹರಿಕಥೆಯವರು, ಯಾರು ಬಂದರೂ ಹಾಡಿಸಿ, ಅವರದ್ದೇ ಫೋಟೋ ಅಂಟಿಸಿ, ಕ್ಯಾಸೆಟ್ ಮಾಡಿ ಕೈಗೆ ಕೊಡುತ್ತಿದ್ದ. ಶೋಭಾನೆಗೆ ಮಾತ್ರ ಪೇಚಾಟ. ಒಬ್ಬಳು ಹೇಳಿದ ಸಾಲನ್ನು ಇನ್ನೊಬ್ಬಳು ತಿರುಗಿ ಹೇಳದೆ ಅದು ಮುಂದೆ ಹೋಗುವುದೇ ಇಲ್ಲ. ಹಾಡುವ ಹೆಂಗಸರು ಬರುತ್ತಿದ್ದರು. ಎರಡನೇ ಸೊಲ್ಲಿನವರು ಗದ್ದೆಯಲ್ಲಿ ನಟ್ಟಿ ಕೆಲಸ, ಮಕ್ಕಳಿಗೆ ಜ್ವರ ಎಂದು ತಪ್ಪಿಸಿಕೊಳ್ಳುತ್ತಿದ್ದರು.

"ಹ್ವಾಯ್ ರತ್ನ, ನೀನೇ ಕೂಕೊ ಮಾರಾಯ್ತಿ," ಎಂದ ಶಾಮರಾಯ.

ಕೂತಳು. ಕೂತವಳು ಏಳಲೇ ಇಲ್ಲ ಅನ್ನಿ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಮದುವೆ ಮನೆಗಳ ಮೈಕಿನಲ್ಲೆಲ್ಲ ಅವಳ ದನಿ ಕೇಳಿತು. ಅವಳಿಗೆ ಮಾತ್ರ ಯಾರೂ ಹಸೆ ಹಾಸಲಿಲ್ಲ. ಕವರಿನ ಮೇಲೆ ಅವಳ ಹೆಸರೂ ಬರಲಿಲ್ಲ. "ಮನಿಯವ್ಳದ್ದ್ ಹೆಸ್ರ್ ಎಂತಕ್ಕೆ?" ಎಂದಿದ್ದ ಅಣ್ಣ. ಕೇಳಿದ್ದೇ ತಪ್ಪಾಯಿತೇನೋ ಎಂದುಕೊಂಡು ಅವಳು ಮುಂದಿನ ಹಾಡಿಗೆ ಕೂತಳು. ಈಗ ಅಣ್ಣನೂ ಇಲ್ಲ, ಕ್ಯಾಸೆಟ್ಟಿನ ಕಾಲವೂ ಇಲ್ಲ. ಹಳೆಯದನ್ನು ಪೆನ್‌ಡ್ರೈವಿಗೆ ಹಾಕಿಸಲು ಅಪರೂಪಕ್ಕೊಬ್ಬರು ಮೆಟ್ಟಿಲು ಹತ್ತುತ್ತಾರೆ. ಉಳಿದಂತೆ ಅವಳು, ಕಂಪ್ಯೂಟರು, ಒಂದು ಫ್ಯಾನು.

"ಆತ್ತಿಲ್ಯಾ ಅಕ್ಕಾ?"

ಆಗುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. 'ಅದ್ ನಾನೇ ಹೆಣೆ' ಎಂಬ ಮಾತೂ ಬಂದಿತ್ತು. ಮದುಮಗಳ ಮುಖ ನೋಡಿ ಎರಡೂ ಹೊರಡಲಿಲ್ಲ.

"ಆತ್ತ್," ಎಂದಳು. "ಈಗೆಲ್ಲ ಆತ್ತ್."

ಒಬ್ಬರ ನಂತರ ಒಬ್ಬರು ಹಾಡಿದ್ದರಿಂದ ಕಷ್ಟವೇನಿರಲಿಲ್ಲ. ತನ್ನ ಸಾಲುಗಳನ್ನೆಲ್ಲ ಆರಿಸಿ, ಪರದೆಯಲ್ಲಿ ಕೆಳಗಿನ ಟ್ರ್ಯಾಕಿನ ಪಟ್ಟಿಗೆ ಇಳಿಸಿ, ಮ್ಯೂಟ್ ಒತ್ತಿ ಆ ಪಟ್ಟಿಯ ಬಾಯಿ ಮುಚ್ಚಿಸಿದಳು. ರಂಜನಿ ಹೆಡ್‌ಫೋನ್ ಹಾಕಿಕೊಂಡಳು. ಮೊದಲ ಸಾಲಿಗೇ ಅವಳ ಕಣ್ಣು ತುಂಬಿತು. ಆಮೇಲೆ ಹುಬ್ಬು ಗಂಟಾಯಿತು.

"ನಡು ನಡು ಎಂತ ಇಷ್ಟ್ ಹೊತ್ ಸುಮ್ನಿಪ್ದ್? ಅಜ್ಜಿ ಯಾರನ್ನೋ ಕಾದಂಗ್ ಕಾಂತ್."

"ಕಾದದ್ದೇ," ಎಂದಳು ರತ್ನ.

"ಅದನ್ನೂ ಕತ್ತರ್ಸಿ ಅಕ್ಕಾ. ಕೇಂಬವ್ರಿಗ್ ಬೇಜಾರ್ ಆತ್ತ್."

ಕತ್ತರಿಸಿದಳು. ಅಮ್ಮಣ್ಣಿಯ ಸಾಲುಗಳು ಒಂದಕ್ಕೊಂದು ಅಂಟಿಕೊಂಡವು. ಹಾಡು ಅರ್ಧ ಹೊತ್ತಿನಲ್ಲೇ ಮುಗಿದುಹೋಯಿತು. "ಈಗ ಸರಿ ಆಯ್ತ್ ಕಾಣಿ! ಮದಿಗ್ ಖಂಡಿತ ಬರ್ಕ್," ಎಂದು ರಂಜನಿ ಪೆನ್‌ಡ್ರೈವನ್ನು ಚೀಲಕ್ಕೆ ಹಾಕಿ, ಫೋನಿನಲ್ಲಿ ಯಾರೊಂದಿಗೋ ನಗುತ್ತಾ ಮೆಟ್ಟಿಲಿಳಿದಳು.

ರತ್ನ ಬಾಗಿಲು ಹಾಕಿ ಬಂದು ಕೂತಳು. ನನ್ನನ್ನು ನಾನೇ ಕೈಯಾರೆ ಕಿತ್ತುಹಾಕಿದೆನಲ್ಲ ಎಂದು ಅಳು ಬಂತು. ತಡೆಯಲಿಲ್ಲ. ನೋಡುವವರಾದರೂ ಯಾರಿದ್ದರು?

ಕೆಳಗಿನ ಪಟ್ಟಿ ಕತ್ತರಿ ಬೀಳದೆ ಪರದೆಯಲ್ಲಿ ಹಾಗೇ ಇತ್ತು. ತನ್ನ ದನಿಯೊಂದನ್ನೇ ಅವಳು ಎಂದೂ ಕೇಳಿದವಳಲ್ಲ. ಮೇಲಿನದರ ಬಾಯಿ ಮುಚ್ಚಿಸಿ, ಇದನ್ನು ಹಾಕಿದಳು. ಮೊದಲು ಏನೂ ಇಲ್ಲ; ಅದು ಅಮ್ಮಣ್ಣಿಯ ಸಾಲಿನ ಜಾಗ. ಆಮೇಲೆ ಹರೆಯದ ಹುಡುಗಿಯೊಬ್ಬಳ ದನಿ, ತೆಳ್ಳಗೆ, ಸ್ವಲ್ಪ ಹೆದರಿಕೊಂಡು. ಅಯ್ಯೋ, ಚೆಂದವೇ ಇತ್ತಲ್ಲ! ಮತ್ತೆ ಖಾಲಿ. ಮತ್ತೆ ಆ ದನಿ.

ಮೂರನೇ ಸಲ ಖಾಲಿ ಬಂದಾಗ ರತ್ನ ಬಾಯಿ ತೆರೆದಳು.

"ನೆರಿಮನಿ ಅಕ್ಕದಿರ್ ಬಂದಾರು, ಹಸೆಗೆ ನಡಿ ಮಗಳೇ..."

ದನಿ ನಡುವೆ ಒಡೆಯಿತು. ಸಾಲನ್ನು ಹೇಗೋ ಮುಗಿಸಿ ಅವಳು ಕಾದಳು. ಸ್ಪೀಕರಿನೊಳಗಿನ ಹುಡುಗಿ ಅದೇ ಸಾಲನ್ನು, ಒಂದಕ್ಷರವೂ ತಪ್ಪದೆ, ತಿರುಗಿ ಹೇಳಿದಳು.