ತಾಟು ತೊಳೆದು ಕುಡಿಯುತ್ತಿದ್ದ ವಿಶ್ವನಾಥಪ್ಪ

ವಿಶ್ವನಾಥಪ್ಪನವರು ಉಂಡೆದ್ದ ತಾಟನ್ನು ನೋಡಿದವರಿಗೆ ಅದರಲ್ಲಿ ಊಟ ಬಡಿಸಿತ್ತೋ ಇಲ್ಲವೋ ಎಂಬ ಸಂಶಯ ಬರುತ್ತಿತ್ತು. ಕಡೆಯ ಅಗುಳನ್ನೂ ಬೆರಳಿನಿಂದ ಬಳಿದು, ನೀರು ಸುರಿದು, ತಾಟನ್ನು ಅತ್ತಿತ್ತ ಹೊರಳಿಸಿ, ಆ ನೀರನ್ನು ಕಣ್ಣುಮುಚ್ಚಿ ಕುಡಿದರೆಂದರೆ ಊಟ ಮುಗಿಯಿತು. ಲಿಂಗಪೂಜೆ ಮಾಡಿ ಉಣ್ಣುವವನಿಗೆ ಅನ್ನವೆಂದರೆ ಪ್ರಸಾದ, ಅದನ್ನು ಚೆಲ್ಲುವುದು ಮಹಾಪಾಪ. ಭಾಲ್ಕಿಯ ಅಜ್ಜಿ ಕಲಿಸಿದ ಈ ನೇಮವನ್ನು ಅವರು ನಾಸಿಕ್‌ಗೆ ಬಂದು ನೆಲೆನಿಂತು, ಪಿಂಪಳಗಾಂವದ ಮಾರುಕಟ್ಟೆಯಲ್ಲಿ ಈರುಳ್ಳಿ ದಲಾಲಿ ಹಿಡಿದು, ಮರಾಠಿಯಲ್ಲೇ ಜಗಳವಾಡಿ ಮರಾಠಿಯಲ್ಲೇ ರಾಜಿಯಾಗುವುದನ್ನು ಕಲಿತ ಮೇಲೂ ಬಿಟ್ಟಿರಲಿಲ್ಲ.

ನೇಮ ತಮ್ಮ ತಾಟಿಗಷ್ಟೇ ಸೀಮಿತವಾಗಿದ್ದರೆ ಯಾರಿಗೂ ತಕರಾರಿರಲಿಲ್ಲ! ಮದುವೆಯ ಮನೆಗಳಲ್ಲಿ, ಜೇಬು ಜೋತುಬಿದ್ದ ತಮ್ಮ ಬೂದುಬಣ್ಣದ ಜಾಕೀಟು ತೊಟ್ಟು, ಬೆನ್ನ ಮೇಲೆ ಚೀಲವಿದ್ದವರಂತೆ ಮುಂದಕ್ಕೆ ಬಾಗಿ ನಡೆಯುತ್ತ, ಎಂಜಲಿನ ಬುಟ್ಟಿಯ ಪಕ್ಕಕ್ಕೇ ಹೋಗಿ ನಿಲ್ಲುವರು. "ಹಾಕಿಸ್ಕೊಳ್ಳೋವಾಗ ಕೈ ಅಡ್ಡ ಬರಲಿಲ್ಲೇನ್ರಿ? ಹೋಗ್ರಿ, ಉಂಡು ಬರ್ರಿ, ತಿಳೀತೇನ್ರಿ?" ಎಂದು ಸೂಟುಬೂಟಿನವರನ್ನೂ ತಿರುಗಿ ಕಳಿಸುತ್ತಿದ್ದರು. ಇವರ ಕಣ್ಣಿಗಂಜಿ ಸ್ವಂತ ಭಾವಮೈದುನನೇ ಒಮ್ಮೆ ಜಿಲೇಬಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಪಾರಾಗಿದ್ದ.

ಇಂಥವರ ಜಠರಕ್ಕೇ ಕ್ಯಾನ್ಸರ್ ಬಂತು. ಛತ್ರಪತಿ ಸಂಭಾಜಿನಗರದ ಆಸ್ಪತ್ರೆಯ ಡಾಕ್ಟರ್ ಮೃದುಲಾ ಮೊದಲು ಔಷಧ, ಆಮೇಲೆ ಶಸ್ತ್ರಕ್ರಿಯೆ, ಅದಾದ ಮೇಲೆ ಮತ್ತೆ ಔಷಧ ಎಂದು ದಾರಿ ಹಾಕಿಕೊಟ್ಟರು. ಕತ್ತರಿಸಿ ತೆಗೆದ ಮೇಲೆ ಮತ್ತೇಕೆ ಔಷಧ ಎಂಬ ಇವರ ಪ್ರಶ್ನೆಗೆ, ಮೊದಲಿನದು ಗಡ್ಡೆಯನ್ನು ಕುಗ್ಗಿಸಲಿಕ್ಕೆ, ನಂತರದ್ದು ಕಣ್ಣಿಗೆ ಬೀಳದೆ ಉಳಿದಿರಬಹುದಾದದ್ದಕ್ಕೆ ಎಂದರು. ವಿಶ್ವನಾಥಪ್ಪ ಹೆಂಡತಿಯ ಕಡೆ ತಿರುಗಿ, "ಕೊಳೆತ ಉಳ್ಳಾಗಡ್ಡಿ ಆರಿಸಿ ಒಗದ ಮ್ಯಾಲೂ ರಾಶಿ ಹರವಿ ನೋಡತೀವಲ್ಲ, ಹಂಗ. ತಿಳೀತೇನು?" ಎಂದರು. ಮೊದಲ ಸುತ್ತಿನ ಔಷಧಕ್ಕೆ ಕೂದಲುದುರಿತು, ನಾಲಗೆ ರುಚಿಗೆಟ್ಟಿತು, ಗೊಣಗದೆ ಸಹಿಸಿದರು. ಶಸ್ತ್ರಕ್ರಿಯೆಯಲ್ಲಿ ಜಠರವನ್ನು ಪೂರ್ತಿ ತೆಗೆದು, ಅನ್ನನಾಳವನ್ನು ಕರುಳಿಗೆ ಜೋಡಿಸಿದರು. ಇನ್ನು ತುತ್ತುತುತ್ತಾಗಿ, ದಿನಕ್ಕೆ ಹತ್ತಾರು ಸಲ ಉಣ್ಣಬೇಕು, ಸಾಕೆನಿಸಿದ ಕ್ಷಣ ಬಿಡಬೇಕು ಎಂದು ಹೇಳಿ ಕಳಿಸಿದರು.

ಬಿಡುವುದೆಂದರೆ ಹೇಗೆ? ಹೆಂಡತಿ ರುಕ್ಮಿಣಿಬಾಯಿ ಬಟ್ಟಲಲ್ಲಿ ಎರಡು ಚಮಚೆ ಅನ್ನ ಕಲಸಿ ತಂದರೆ, "ಭಿಕ್ಷಾ ಹಾಕ್ಲಿಕ್ಹತ್ತೀಯೇನು? ತಾಟಿಗೆ ಬಡಸು" ಎಂದು ಹರಿಹಾಯ್ದರು. ಬಡಿಸಿದ್ದರಲ್ಲಿ ಅರ್ಧ ಉಣ್ಣುವಷ್ಟರಲ್ಲೇ ದೇಹ ಸಾಕೆನ್ನುವುದು, ನೇಮ ಸಾಲದೆನ್ನುವುದು, ಗೆಲ್ಲುತ್ತಿದ್ದುದು ನೇಮವೇ. ತಾಟು ತೊಳೆದು ಕುಡಿದ ಬಳಿಕ ಮೈಯೆಲ್ಲ ಬೆವರಿ, ಎದೆ ಡವಗುಟ್ಟಿ, ಬಚ್ಚಲಿಗೆ ಹೋಗಿ ಬಾಗಿಲಿಕ್ಕಿ, ಸದ್ದು ಕೇಳಬಾರದೆಂದು ನಳ ಪೂರ್ತಿ ಬಿಟ್ಟು ಉಂಡದ್ದನ್ನೆಲ್ಲ ಕಕ್ಕುತ್ತಿದ್ದರು. ಶಿವಶಿವಾ, ಪ್ರಸಾದ ಮೋರಿಗೆ ಹೋಗುತ್ತಿತ್ತು! ಅಂಥ ಪಾಪವನ್ನು ಯಾರಿಗೆ ಹೇಳುವುದು? ಕೇಳಿದವರಿಗೆಲ್ಲ "ಛಲೋ ಉಣ್ತೀನ್ರಿ" ಎಂದುಬಿಡುತ್ತಿದ್ದರು.

ಮುಂದಿನ ಔಷಧ ಶುರುಮಾಡಲು ಸಂಭಾಜಿನಗರಕ್ಕೆ ಹೋದಾಗ ತೂಕದ ಯಂತ್ರ ಸುಳ್ಳು ಹೇಳಲಿಲ್ಲ. ಇಷ್ಟು ಸೊರಗಿದ ದೇಹ ಔಷಧವನ್ನು ತಾಳಲಾರದು, ತೀರ ತಡವಾದರೆ ಕೊಟ್ಟೂ ಪ್ರಯೋಜನ ಕಡಿಮೆ ಎಂದ ಡಾಕ್ಟರು, ರುಕ್ಮಿಣಿಬಾಯಿಯತ್ತ ತಿರುಗಿ ಮರಾಠಿಯಲ್ಲಿ ಗದರಿದರು: ಹೊಟ್ಟೆಗೆ ಏನು ಹಾಕುತ್ತಿದ್ದೀರಿ ಕಾಕೂ? ಹೇಳಿದ್ದು ಒಂದನ್ನೂ ಮಾಡಿಲ್ಲವಲ್ಲ! ವಿಶ್ವನಾಥಪ್ಪ ನೆಲ ನೋಡುತ್ತ ಕುಳಿತರು. ಬಾಯಿ ತೆರೆಯಲು ಒಂದು ಗಳಿಗೆ ಇತ್ತು, ತೆರೆಯಲಿಲ್ಲ. ರುಕ್ಮಿಣಿಬಾಯಿ ಸೆರಗು ಸರಿಮಾಡಿಕೊಂಡು, "ಮಾಝೀಚ್ ಚೂಕ್, ಡಾಕ್ಟರ್" ಎಂದು ತಪ್ಪನ್ನು ತಾನೇ ಹೊತ್ತುಕೊಂಡಳು.

ಹಿಂದಿರುಗುವಾಗ ವೈಜಾಪುರದಲ್ಲಿ ಡ್ರೈವರ್ ಚಹಾಕ್ಕೆ ಇಳಿದ. ಕಾರಿನಲ್ಲಿ ಇಬ್ಬರೇ ಉಳಿದಾಗ ಆಕೆ ಬಾಳೆಹಣ್ಣು ಸುಲಿದು ಅರ್ಧ ಮುರಿದು ಕೊಟ್ಟಳು.

"ಇಷ್ಟು ತಿನ್ರಿ. ಆಗದಿದ್ರ ಉಳದದ್ದು ನನಗ ಕೊಡ್ರಿ. ಯಾರೂ ನೋಡಂಗಿಲ್ಲ."

"ನಿನಗ ಗೊತ್ತಿತ್ತೇನು?"

"ನಳದ ಸಪ್ಪಳ ನನಗ ಕೇಳಸಂಗಿಲ್ಲೇನ್ರಿ?"

"ಮತ್ತ ಅಲ್ಲಿ ಯಾಕ ಹೇಳಲಿಲ್ಲ?"

"ಮಂದಿ ಮುಂದ ನಿಮ್ಮ ಮಾರಿ ಸಣ್ಣದಾಗಬಾರದಂತ."

ಅವರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅಷ್ಟು ಮಂದಿಯನ್ನು ಎಂಜಲು ತಾಟಿನೊಂದಿಗೆ ತಿರುಗಿ ಕಳಿಸಿದಾತ, ತನ್ನ ಸುಳ್ಳಿಗೆ ಬೈಗಳನ್ನು ಹೆಂಡತಿಯ ತಾಟಿಗೆ ಬಡಿಸಿ ಕುಳಿತಿದ್ದ! ಡ್ರೈವರ್ ಬಂದೊಡನೆ, "ಗಾಡಿ ತಿರುಗಿಸಪ್ಪ" ಎಂದರು.

ಇವರು ಆಸ್ಪತ್ರೆಗೆ ಮರಳುವಷ್ಟರಲ್ಲಿ ಡಾಕ್ಟರು ಮನೆಗೆ ಹೊರಟು ಪಡಸಾಲೆಗೆ ಬಂದಿದ್ದರು. ಒಳಗೆ ಬನ್ನಿ ಎಂದರೂ ಕೇಳದೆ ವಿಶ್ವನಾಥಪ್ಪ, ಬೆಂಚಿನ ಮೇಲಿದ್ದ ರೋಗಿಗಳೆಲ್ಲರ ಮುಂದೆ ಮರಾಠಿಯಲ್ಲೇ ಹೇಳಿದರು: ಇವಳದೇನೂ ತಪ್ಪಿಲ್ಲ, ಬಟ್ಟಲು ತಂದರೆ ಬೈದೆ, ತಾಟು ತುಂಬ ಉಂಡೆ, ಕಕ್ಕಿದೆ, ನಿಮಗೆ ಸುಳ್ಳು ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟರು. ಡಾಕ್ಟರು ರುಕ್ಮಿಣಿಬಾಯಿಯ ಕೈ ಹಿಡಿದು ಕ್ಷಮೆ ಕೇಳಿ, ಇನ್ನೂ ಸ್ವಲ್ಪ ಕಾಲವಿದೆ, ತೂಕ ಏರಿಸಿಕೊಂಡು ಬನ್ನಿ ಎಂದರು.

ಬಟ್ಟಲ ಊಟ ಒಗ್ಗುವುದಕ್ಕೆ, ಅದರಲ್ಲೂ ಎರಡು ತುತ್ತು ಉಳಿಸಿ ಕೈ ತೊಳೆಯುವುದಕ್ಕೆ ಅವರು ಪಟ್ಟ ಪಾಡು ಶಸ್ತ್ರಕ್ರಿಯೆಗಿಂತ ಕಡಿಮೆಯದಲ್ಲ. ಮೊದಮೊದಲು ಗೋಡೆಯ ಕಡೆ ಮುಖಮಾಡಿ ಉಣ್ಣುತ್ತಿದ್ದರು. ತೂಕ ನಿಧಾನವಾಗಿ ಏರಿತು, ತಡವಾಗಿಯಾದರೂ ಔಷಧ ಮತ್ತೆ ಶುರುವಾಯಿತು. ಅದು ಎಷ್ಟು ಆಯುಷ್ಯ ಕೊಟ್ಟೀತೆಂದು ಡಾಕ್ಟರೂ ಹೇಳಿಲ್ಲ, ಇವರೂ ಕೇಳಿಲ್ಲ.

ನೇಮಿಷ್ಠರೆಂದು ಊರು ಕೈಮುಗಿಯುವ ಜನ ಎಲ್ಲ ಕಾಲದಲ್ಲೂ ಇರುತ್ತಾರೆ, ಇರಲಿ. ಅವರಿಂದಲೇ ನಾಲ್ಕು ಒಳ್ಳೆಯ ರೂಢಿಗಳು ಉಳಿದಿವೆ. ಆದರೆ ಅಂಥವರ ಮಾನ ನೆಟ್ಟಗೆ ನಿಂತಿರಲೆಂದು ಮನೆಯೊಳಗೆ ಯಾರೋ ಒಬ್ಬರು ಸದ್ದಿಲ್ಲದೆ ಅವಮಾನವನ್ನು ನುಂಗುತ್ತಲೇ ಇರುತ್ತಾರೆ. ಬಹುತೇಕರಿಗೆ ಇದು ತಿಳಿಯುವ ಹೊತ್ತಿಗೆ ನುಂಗಿದವರು ಪಕ್ಕದಲ್ಲಿರುವುದಿಲ್ಲ.