ಹಂಸದ ಹೊಟ್ಟೆಯಲ್ಲಿ

ಕೀಚ್ ಎಂದು ಒಂದು ಸದ್ದು. ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಕೀಚ್.

ಅವಳು ಕತ್ತಲಲ್ಲೇ ಕಣ್ಣು ಬಿಟ್ಟಳು. ರಾತ್ರಿಯ ಸದ್ದುಗಳೆಲ್ಲ ಅವಳಿಗೆ ಗೊತ್ತಿದ್ದವೇ. ನಲ್ಲಿ ತೊಟ್ಟಿಕ್ಕುವುದು, ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಗುವುದು, ಕೆರೆಯ ಪಕ್ಕದ ರಸ್ತೆಯಲ್ಲಿ ಲಾರಿ ಗೇರು ಬದಲಿಸುವುದು, ಪಕ್ಕದಲ್ಲಿ ಮಲಗಿದ ಗಂಡ ನಿದ್ದೆಯಲ್ಲೂ ಯಾರಿಗೋ ದಾರಿ ಹೇಳಿಕೊಡುವುದು. ಇದು ಅವುಗಳಲ್ಲಿ ಯಾವುದೂ ಅಲ್ಲ. ಎಣ್ಣೆ ಕಾಣದ ಕೀಲಿನ ಹಾಗಿತ್ತು, ಆದರೆ ಅದಕ್ಕಿಂತ ಮೆತ್ತಗೆ. ದೋಣಿಯ ಹಗ್ಗ ಸಡಿಲಾಗಿ ಕಂಬಕ್ಕೆ ಉಜ್ಜುತ್ತಿರಬೇಕು ಎಂದುಕೊಂಡಳು. ಹಾಗೆಂದುಕೊಂಡ ಮೇಲೆ ಮಲಗುವ ಜೀವವಲ್ಲ ಅವಳದು. ದೋಣಿ ತೇಲಿಹೋಗಿ, ಯಾರೋ ಹತ್ತಿ, ಅದು ಮಗುಚಿ, ಪೊಲೀಸರು ಬಾಗಿಲು ತಟ್ಟುವವರೆಗೆ ಎಲ್ಲವೂ ಕಣ್ಣ ಮುಂದೆ ಬಂದುಹೋಯಿತು. ಟಾರ್ಚು ಹಿಡಿದು, ಚಪ್ಪಲಿ ಮೆಟ್ಟಿ, ಹಿಂಬಾಗಿಲು ತೆರೆದಳು.

ತುಳಿದು ನಡೆಸುವ ದೋಣಿಗಳನ್ನು ಬಾಡಿಗೆಗೆ ಬಿಡುವುದು ಆ ಮನೆಯ ಕಸುಬು. ಎಲ್ಲವೂ ಹಂಸದ ಆಕಾರದವು. ಒಂದರ ಕತ್ತು ಮಾತ್ರ ಹೋದ ವರ್ಷ ಯಾರೋ ಫೋಟೊಗೆ ನೇತಾಡಿದ್ದರಿಂದ ವಾಲಿಕೊಂಡಿತ್ತು. ಮನೆಯವರೆಲ್ಲ ಕುಂಟ ಎಂದು ಕರೆಯುತ್ತಿದ್ದ ಆ ಹಂಸ ಶೆಡ್ಡಿನ ಆಚೆ, ಜೊಂಡಿನ ಪಕ್ಕ, ಅರ್ಧ ನೀರಲ್ಲಿ ಅರ್ಧ ದಡದಲ್ಲಿ ಟಾರ್ಪಾಲು ಹೊದ್ದು ರಿಪೇರಿಗೆ ಕಾಯುತ್ತಿತ್ತು. ಶೆಡ್ಡಿನ ಬಲ್ಬು ವಾರದಿಂದ ಉರಿಯುತ್ತಿರಲಿಲ್ಲ. ಕಾಲುದಾರಿಗೆ ಅಡ್ಡ ಬಿದ್ದಿದ್ದ ಮುರಿದ ಬೆಂಚಿಗೆ ಅವಳ ಮೊಣಕಾಲು ತಾಗಿತು. ಕತ್ತಲೆಂದರೆ ಆಗದ ಗಂಡ ಅದನ್ನು ಯಾಕೆ ಬದಲಿಸಿಲ್ಲವೋ ಎಂದು ಗೊಣಗುತ್ತ ಅವಳು ಹಗ್ಗಗಳನ್ನೆಲ್ಲ ಮುಟ್ಟಿ ನೋಡಿದಳು. ಎಲ್ಲವೂ ಬಿಗಿಯಾಗಿದ್ದವು. ಕೀಚ್ ಎಂದದ್ದು ಕುಂಟ ಹಂಸ.

ಟಾರ್ಪಾಲಿನ ಅಂಚೆತ್ತಿ, ಟಾರ್ಚಿನ ಬೆಳಕಿಗೆ ಬೆರಳು ಅಡ್ಡ ಹಿಡಿದು, ಹಿಂದಿನ ಸೀಟಿನ ಕೆಳಗೆ ಒಡೆದ ಜಾಗದಲ್ಲಿ ಇಣುಕಿದಳು. ಟೊಳ್ಳು ಹೊಟ್ಟೆಯೊಳಗೆ, ಒಣಗಿದ ಜೊಂಡಿನ ಮೇಲೆ, ಬೂದು ಬಣ್ಣದ ಮೂರು ಮುದ್ದೆಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಒಂದು ಮುದ್ದೆ ಬಾಯಿ ತೆರೆದು, ಇಷ್ಟು ಸಣ್ಣ ಬಾಯಿ, ಕೀಚ್ ಎಂದಿತು.

ನೀರುನಾಯಿ ಮರಿಗಳು!

ಟಾರ್ಚು ಆರಿಸಿ, ಬಂದ ದಾರಿಯಲ್ಲೇ ಹಿಂದಿಂದಕ್ಕೆ ಹೆಜ್ಜೆ ಇಟ್ಟಳು. ಸಂತೋಷ ಒಂದು ಕ್ಷಣ. ಆಮೇಲೆ ಅವಳ ಮಾಮೂಲಿ ದಿಗಿಲು.

ಆ ದಿಗಿಲಿಗೆ ಕಾರಣವಿತ್ತು. ಗಂಡನಿಗೆ ಊರವರು ಇಟ್ಟ ಹೆಸರು ರೇಡಿಯೋ. ಬೆಳಿಗ್ಗೆ ಕಿವಿಗೆ ಬಿದ್ದದ್ದು ಮಧ್ಯಾಹ್ನಕ್ಕೆ ಪ್ರಸಾರ. ಮನಸ್ಸು ಬೆಣ್ಣೆ, ಬಾಯಿಗೆ ಮಾತ್ರ ಬೀಗವಿಲ್ಲ. ಹಿಂದೊಮ್ಮೆ ಎದುರು ದಡದಲ್ಲಿ ನೀರುನಾಯಿಗಳು ಕಂಡಾಗ ಸಂತೋಷ ತಡೆಯಲಾರದೆ ಪ್ರವಾಸಕ್ಕೆ ಬಂದ ಒಂದು ಕುಟುಂಬಕ್ಕೆ, ಒಂದೇ ಒಂದು ಕುಟುಂಬಕ್ಕೆ, ಬೆರಳು ಮಾಡಿ ತೋರಿಸಿದ್ದ. ಅವರು ವಿಡಿಯೋ ಮಾಡಿದರು. ಮುಂದಿನ ಭಾನುವಾರ ರಸ್ತೆಯ ತಿರುವಿನವರೆಗೂ ಕಾರು. ಏಸಿ ಬೇಕೆಂದು ಇಂಜಿನ್ ಆರಿಸದೆ ಕೂತವರು, ಹಾರನ್ನು ಹೊಡೆದು ಪ್ರಾಣಿಯನ್ನು ಕರೆದವರು, ಬಿಸ್ಕತ್ತು ಎಸೆದವರು, ಬಿಸ್ಕತ್ತಿನ ಜೊತೆ ಪೊಟ್ಟಣವನ್ನೂ ಎಸೆದವರು. ಗದ್ದಲ ತಾಳದೆ ತಾಯಿ ಮರಿಗಳ ಕತ್ತು ಕಚ್ಚಿ ಒಂದೊಂದಾಗಿ ರಸ್ತೆಯಾಚೆಯ ಕಾಲುವೆಗೆ ಸಾಗಿಸತೊಡಗಿತು. ಕೊನೆಯದು ಅದರ ಹಿಂದೆ ತಾನೇ ಓಡಿತು. ಚಕ್ರದ ಕೆಳಗೆ ಸಿಕ್ಕಿತು. ಅದನ್ನು ಬರಿಗೈಯಲ್ಲಿ ಎತ್ತಿಕೊಂಡು ಬಂದು ಹೂತದ್ದು ರೇಡಿಯೋನೇ. ಎರಡು ದಿನ ಊಟ ಬಿಟ್ಟಿದ್ದ. ಮೂರನೆಯ ದಿನ ಆ ಊಟ ಬಿಟ್ಟ ಕಥೆಯನ್ನೂ ಟಿಕೆಟ್ ಸಾಲಿನಲ್ಲಿ ನಿಂತವರಿಗೆ ಹೇಳಿದ್ದ.

ಈಗ ಶನಿವಾರ ರಜೆ ಶುರು. ರಸ್ತೆ ಮತ್ತೆ ತುಂಬುತ್ತದೆ. ಮರಿಗಳು ಈಜು ಕಲಿತು ತಾಯಿಯ ಹಿಂದೆ ಹೋಗುವವರೆಗೆ ಕುಂಟ ಹಂಸ ಅಲ್ಲಾಡಕೂಡದು, ಅದರ ಸುದ್ದಿ ರೇಡಿಯೋಗೆ ಮುಟ್ಟಕೂಡದು.

ಆದರೆ ಭಾವನಿಗೆ ಎಲ್ಲ ದೋಣಿಗಳೂ ನೀರಿನಲ್ಲಿ ಇರಬೇಕಿತ್ತು. ಗಂಡನ ಅಣ್ಣ ಅವರು, ವ್ಯವಹಾರವೆಲ್ಲ ಅವರದೇ. ಸೀಜನ್ನಿನಲ್ಲಿ ಒಂದು ಹಂಸ ದಡದಲ್ಲಿದ್ದರೂ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

ಅವರನ್ನು ತಡೆಯಲು ಆ ಮನೆಯಲ್ಲಿ ಇದ್ದದ್ದು ಒಂದೇ ದಾರಿ: ಮೂವರ ಹೂಂ. ಮಾವನ ಕಾಲದ ನಿಯಮ ಅದು. ತಳ ನೋಡುವವರು ಭಾವ, ಪೆಡಲು ಮತ್ತು ಚುಕ್ಕಾಣಿ ರೇಡಿಯೋನದು, ಹಗ್ಗ ಮತ್ತು ತೇಲುವ ಜಾಕೆಟ್ಟುಗಳು ಮೊದಲು ಅತ್ತೆಯವು, ಈಗ ಅವಳವು. ಮೂವರೂ ಹೂಂ ಅಂದರೆ ದೋಣಿ ನೀರಿಗೆ. ಒಬ್ಬರು ಉಹೂಂ ಅಂದರೂ ಇಲ್ಲ. ಕಾರಣ ಕೇಳುವ ಹಾಗಿಲ್ಲ. ಒಮ್ಮೆ ದೋಣಿ ಮಗುಚಿ ಅರ್ಧ ಕೆರೆ ಕುಡಿದು ಬದುಕಿ ಬಂದ ಮೇಲೆ ಮಾವ ಹಾಕಿದ ಕಟ್ಟು. ಭಾವ ದೇವರ ಮಾತು ಮೀರಿದರೂ ಅದನ್ನು ಮೀರುತ್ತಿರಲಿಲ್ಲ.

ಹಾಗಾದರೆ ತಾನೇ ಉಹೂಂ ಅಂದುಬಿಡಬಹುದಿತ್ತು. ಕಾರಣ ಕೇಳಬಾರದೆಂಬುದೇನೋ ನಿಜ, ಆದರೆ ಗಂಡನಿಗೆ ಕೇಳದೆ ಇರಲು ಬಾರದು. ಹಗ್ಗಕ್ಕೇನಾಯ್ತು, ತೋರಿಸು, ಬಾ ನೋಡೋಣ ಎಂದು ಅವಳ ಕೈ ಹಿಡಿದು ಅಲ್ಲಿಗೇ ಎಳೆದುಕೊಂಡು ಹೋಗುವ ಆಸಾಮಿ. ಉಹೂಂ ಅವನ ಬಾಯಿಂದಲೇ ಬರಬೇಕು ಎಂದು ಲೆಕ್ಕ ಹಾಕಿದಳು. ಮರುದಿನ ತಾಯಿ ಬೇಟೆಗೆ ಹೋದ ಹೊತ್ತು ನೋಡಿ, ಸ್ಪ್ಯಾನರಿಗೆ ಬಟ್ಟೆ ಸುತ್ತಿ, ದೋಣಿಯ ಮುಂಭಾಗದ ಪೆಡಲಿನ ಬೋಲ್ಟು ಬಿಚ್ಚಿಕೊಂಡು ಬಂದಳು. ಈಗ ತುಳಿದರೆ ಪೆಡಲು ಕಳಚಿ ಕಾಲಿಗೇ ಬೀಳುತ್ತದೆ, ಹಿಂದಿನ ಸೀಟಿನ ತನಕ ಅವನು ಹೋಗುವುದೇ ಇಲ್ಲ. ಬೋಲ್ಟನ್ನು ಹೊಲಿಗೆ ಡಬ್ಬಿಯಲ್ಲಿ ದಾರದುಂಡೆಗಳ ಕೆಳಗೆ ಹೂತಳು. ಮಧ್ಯಾಹ್ನವಿಡೀ ಆ ಡಬ್ಬಿಯತ್ತ ನೋಡದೆ ಇರುವುದೇ ಅವಳಿಗೆ ಒಂದು ಕೆಲಸವಾಯಿತು.

ಶನಿವಾರ ಬೆಳಿಗ್ಗೆ ಭಾವ ದಡಕ್ಕೆ ಬಂದರು. ರೇಡಿಯೋ ಟಿಕೆಟ್ ಕಿಟಕಿ ಒರೆಸುತ್ತಿದ್ದ. ಅವಳು ಜಾಕೆಟ್ಟುಗಳನ್ನು ತಂತಿಗೆ ಸಿಕ್ಕಿಸುತ್ತಿದ್ದಳು.

"ಏನೋ, ಕುಂಟನ್ನ ನೋಡ್ದ್ಯಾ?"

"ನೋಡ್ದೆ ಅಣ್ಣ. ಬೆಳಕು ಹರಿಯೋಕ್ ಮುಂಚೆ ಎದ್ದು, ಕೂತು, ತುಳಿದೇ ನೋಡ್ದೆ. ಪೆಡಲ್ ಏನ್ ಕೇಳ್ತೀಯ, ಬೆಣ್ಣೆ ಥರ ತಿರುಗ್ತಿದೆ. ಚುಕ್ಕಾಣಿನೇ ಕೈ ಕೊಡ್ತು. ಉಹೂಂ."

ಅವಳ ಕೈಯಲ್ಲಿದ್ದ ಜಾಕೆಟ್ಟು ತಂತಿಯ ಮೇಲೆ ಅಲ್ಲೇ ನಿಂತಿತು. ಬೆಣ್ಣೆ ಥರ? ಬೋಲ್ಟಿಲ್ಲದ ಪೆಡಲು?

"ಚುಕ್ಕಾಣಿ ತಾನೆ, ಶೆಡ್ಡಲ್ಲಿ ಇನ್ನೊಂದಿದೆ. ಹತ್ತು ನಿಮಿಷದ ಕೆಲಸ, ನಾನೇ ಹಾಕ್ತೀನಿ," ಎಂದು ಭಾವ ತೋಳು ಮಡಚಿಕೊಂಡು ಶೆಡ್ಡಿನತ್ತ ಹೊರಟೇಬಿಟ್ಟರು.

"ಅಣ್ಣಾ, ಆ ಕಡೆ ಕೆಸರು! ಹೊಸ ಚಪ್ಪಲಿ!" ರೇಡಿಯೋ ಒರೆಸುವ ಬಟ್ಟೆ ಹಿಡಿದುಕೊಂಡೇ ಓಡಿ ಅಡ್ಡ ನಿಂತ.

"ನಿಂಗ್ಯಾವಾಗಿಂದ ನನ್ನ ಚಪ್ಪಲಿ ಚಿಂತೆ? ಸರಿ ಆಚೆ."

ಭಾವ ತಮ್ಮನನ್ನು ಪಕ್ಕಕ್ಕೆ ಸರಿಸಿ ನೇರ ದೋಣಿಯ ಬಳಿಗೇ ನಡೆದರು. ಕೈ ಟಾರ್ಪಾಲಿಗೆ ಇನ್ನೇನು ತಾಗಬೇಕು. ಅವಳು ಜಾಕೆಟ್ಟು ಬಿಟ್ಟು ಓಡಿಬಂದಳು.

"ಉಹೂಂ, ಭಾವ."

ಇಬ್ಬರೂ ತಿರುಗಿ ನೋಡಿದರು.

"ನಿಂದೇನಮ್ಮ?"

"ಹಗ್ಗ. ನಂಗೆ ಸಮಾಧಾನ ಇಲ್ಲ."

"ಹೊಸ ಹಗ್ಗ ಕೊಡ್ತೀನಿ."

"ಕೊಟ್ರೂ ಉಹೂಂನೇ ಭಾವ. ಮಾವ ಕಾರಣ ಕೇಳ್ಬಾರ್ದು ಅಂದಿದ್ರು."

ಭಾವ ಕೈ ಹಿಂದೆಗೆದರು. ಒಮ್ಮೆ ತಮ್ಮನನ್ನು, ಒಮ್ಮೆ ಅವಳನ್ನು ದುರುಗುಟ್ಟಿಕೊಂಡು ನೋಡಿದರು. "ಗಂಡ ಹೆಂಡ್ತಿ ಸೇರ್ಕೊಂಡು ನನ್ನ ಮೇಲೆ ಏನೋ ಸಂಚು ಮಾಡ್ತಿದೀರ."

"ಇಲ್ಲಪ್ಪ!" ಎಂದರು ಇಬ್ಬರೂ ಒಂದೇ ಉಸಿರಿಗೆ. ಅದು ನಿಜವೂ ಆಗಿತ್ತು.

"ಅಪ್ಪ ಹೋಗಿ ಇಷ್ಟು ವರ್ಷವಾದ್ರೂ ಕಾಟ ತಪ್ಪಿಲ್ಲ. ಹಾಳಾಗ್ಹೋಗಿ, ಇರ್ಲಿ ಅಲ್ಲೇ," ಎಂದು ಭಾವ ಕಾಲು ಝಾಡಿಸಿಕೊಂಡು ಹೋದರು. ಚಪ್ಪಲಿಗೆ ನಿಜಕ್ಕೂ ಕೆಸರಾಗಿತ್ತು.

ಹಗ್ಗಕ್ಕೇನಾಯ್ತೇ ಎಂದು ಗಂಡ ಈಗ ಕೇಳುತ್ತಾನೆಂದು ಅವಳು ಉತ್ತರ ಜೋಡಿಸಿಕೊಂಡು ನಿಂತಳು. ಅವನು ಕೇಳಲಿಲ್ಲ. ಹಣೆಯ ಬೆವರನ್ನು ಕಿಟಕಿ ಒರೆಸುವ ಬಟ್ಟೆಯಲ್ಲೇ ಒರೆಸಿಕೊಂಡು, ಸಿಳ್ಳೆ ಹಾಕಲು ಹೋಗಿ ಹಾಕದೆ, ಟಿಕೆಟ್ ಕಿಟಕಿಗೆ ಹೋಗಿ ಕೂತ.

ಮದುವೆಯಾದಾಗಿನಿಂದ ಅವನು ಕೇಳದೆ ಬಿಟ್ಟ ಮೊದಲ ಪ್ರಶ್ನೆ ಅದು.

ಅವಳು ನಿಂತಲ್ಲೇ ಒಂದೊಂದನ್ನೇ ಪೋಣಿಸಿದಳು. ಪೆಡಲು ತುಳಿದೆ ಎಂದದ್ದು ಹಸಿ ಸುಳ್ಳು. ದೋಣಿಯ ಹತ್ತಿರವೇ ಹೋಗದೆ ಅದು ಕೆಟ್ಟಿದೆ ಅನ್ನಬೇಕಾದರೆ ಹೋಗದಿರಲು ಕಾರಣ ಬೇಕು. ಶೆಡ್ಡಿನ ಬಲ್ಬು ಹೋಗಿಲ್ಲ, ಬಿಚ್ಚಲಾಗಿದೆ. ಜೊಂಡಿನ ಕಡೆಯ ಕಾಲುದಾರಿಗೆ ಅಡ್ಡವಾಗಿ ಮುರಿದ ಬೆಂಚು ಇದ್ದಕ್ಕಿದ್ದಂತೆ ನಡೆದು ಬಂದು ಕೂತಿಲ್ಲ. ಇವನಿಗೆ ಗೊತ್ತು! ವಾರದಿಂದ ಗೊತ್ತು! ವಾರವಿಡೀ ಈ ಮನುಷ್ಯ, ಹಲ್ಲುನೋವು ಬಂದರೆ ಅಂಚೆಯವನಿಗೂ ಬಾಯಿ ತೆರೆದು ತೋರಿಸುವ ಈ ಮನುಷ್ಯ, ತುಟಿ ಬಿಚ್ಚಿಲ್ಲ.

ನಂಬಿಕೆ ಬರಲಿಲ್ಲ. ಸಂಜೆಯವರೆಗೂ ಅವನ ಮೇಲೊಂದು ಕಣ್ಣಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ರಸ್ತೆಯಲ್ಲಿ ಕಾರುಗಳು ಎರಡು ಸಾಲಾದವು. ನೀರಿನ ಮೇಲೆ ಬಾಟಲಿಗಳು ತೇಲತೊಡಗಿದವು. ಅವಳು ಬಲೆಕೋಲಿನಲ್ಲಿ ಅವನ್ನೆತ್ತಿ ಚೀಲಕ್ಕೆ ತುಂಬುತ್ತಿದ್ದಾಗ ಕ್ಯಾಮೆರಾ ತೂಗುಹಾಕಿಕೊಂಡ ಒಬ್ಬ ಗೃಹಸ್ಥ ಟಿಕೆಟ್ ಕಿಟಕಿಗೆ ಬಗ್ಗಿದ.

"ಇಲ್ಲಿ ನೀರುನಾಯಿ ಇದೆಯಂತಲ್ಲ? ಹಳೇ ವಿಡಿಯೋ ನೋಡಿದ್ವಿ. ಮಕ್ಕಳು ಅದಕ್ಕೇ ಹಟ ಹಿಡ್ದು ಬಂದಿದಾರೆ."

ಅವಳ ಕೈಯಲ್ಲಿದ್ದ ಬಲೆಕೋಲು ನಿಂತಿತು. ಕಿಟಕಿಯೊಳಗೆ ಗಂಡನ ಮುಖ ಅರಳಿತು. ಕಣ್ಣು ಹೊಳೆಯಿತು. ಬಾಯಿ ತೆರೆಯಿತು. ಕತ್ತಿನ ನರ ಉಬ್ಬಿತು. ಅವನ ಬಲಗೈ ತಾನಾಗಿಯೇ ಮೇಲೆದ್ದು ಜೊಂಡಿನತ್ತ ಹೊರಟದ್ದನ್ನು ಅವಳು ಕಂಡಳು. ಅರ್ಧ ದಾರಿಯಲ್ಲಿ ಅದು ತಿರುಗಿ ತಲೆ ಕೆರೆದುಕೊಂಡಿತು.

"ಇದ್ವು ಸಾರ್. ಹೋದ್ವು."

"ಎಲ್ಲಿಗೆ ಹೋದ್ವು?"

"ಹೇಳಿ ಹೋಗ್ಲಿಲ್ಲ."

ಮಕ್ಕಳು ಕಿಸಕ್ಕನೆ ನಕ್ಕವು. ಗೃಹಸ್ಥ ಬಿಡಲಿಲ್ಲ. "ಒಂದೂ ಇಲ್ವಾ? ಕಾಸು ಬೇಕಾದ್ರೆ ಕೊಡೋಣ, ಜಾಗ ತೋರಿಸಿ ಸಾಕು."

"ಇದ್ದಿದ್ರೆ ನಾನು ಬಾಯಿ ಮುಚ್ಕೊಂಡು ಇರ್ತಿದ್ನಾ ಸಾರ್? ಯಾರನ್ನ ಬೇಕಾದ್ರೂ ಕೇಳಿ, ನನ್ನ ಹೆಸರೇ ರೇಡಿಯೋ. ಹಂಸ ಖಾಲಿ ಇದೆ, ಹತ್ತಿ. ಬಿಸ್ಕತ್ ಪ್ಯಾಕೆಟ್ ಇಲ್ಲೇ ಇಟ್ಟೋಗಿ, ನಾನು ನೋಡ್ಕೋತೀನಿ."

ಅವರು ಹೋದ ಮೇಲೆ ಅವನು ಚೊಂಬು ನೀರನ್ನು ಗಟಗಟ ಕುಡಿದ. ಬಂಡೆ ಹೊತ್ತು ಇಳಿಸಿದವನ ಹಾಗೆ ಕಾಣುತ್ತಿದ್ದ. ಅವಳಿಗೆ ಓಡಿಹೋಗಿ ಆ ಬೆವೆತ ತಲೆಯನ್ನು ಸೆರಗಿನಲ್ಲಿ ಒರೆಸಬೇಕೆನ್ನಿಸಿತು. ಬಲೆಕೋಲನ್ನು ನೀರಿಗೆ ಇಳಿಸಿ ಇನ್ನೊಂದು ಬಾಟಲಿ ಎತ್ತಿದಳು.

ಸಂಜೆ ಕಾರುಗಳು ಹೊಗೆ ಬಿಟ್ಟು ಹೋದ ಮೇಲೆ ಇಬ್ಬರೂ ಹಿಂಬಾಗಿಲ ಮೆಟ್ಟಿಲ ಮೇಲೆ ಟೀ ಹಿಡಿದು ಕೂತರು. ಅವನು ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ.

"ಏನ್ರೀ?"

"ಏನಿಲ್ವೇ. ಇವತ್ತು ಜನ ಜಾಸ್ತಿ ಅಲ್ವಾ?"

"ಜಾಸ್ತಿ."

"ನೀನೇನೋ ಹೇಳೋ ಹಾಗಿತ್ತು?"

ಮಾತು ನಾಲಿಗೆಯ ತುದಿಗೆ ಬಂದಿತ್ತು. ನಂಗೂ ಗೊತ್ತು ಕಣ್ರೀ, ಮೂರಿವೆ, ಒಂದಂತೂ ದೊಡ್ಡ ಗಲಾಟೆಯದು. ಹೇಳಿದರೆ ಅವನ ಮುಖ ಹೇಗಾದೀತೆಂದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಅದರ ಮುಂದಿನದೂ ಕಂಡಿತು. ಇಬ್ಬರೂ ಪಿಸುಗುಟ್ಟುತ್ತಾರೆ. ಮರಿಗಳಿಗೆ ಹೆಸರಿಡುತ್ತಾರೆ. ನಾಳೆ ಊಟಕ್ಕೆ ಕೂತಾಗ ಅವನು ಅವಳತ್ತ ನೋಡಿ ಕಣ್ಣು ಮಿಟುಕಿಸುತ್ತಾನೆ, ಭಾವ ಏನದು ಎಂದು ಕೇಳುತ್ತಾರೆ, ಅಷ್ಟೇ, ಅಣೆಕಟ್ಟು ಒಡೆಯುತ್ತದೆ. ಒಬ್ಬನೇ ಹೊತ್ತಿರುವುದರಿಂದಲೇ ಅವನು ಈ ಗುಟ್ಟನ್ನು ಇಷ್ಟು ಜೋಪಾನವಾಗಿ ಹೊತ್ತಿದ್ದಾನೆ. ತಾನೆಲ್ಲಿ ರಾತ್ರಿಯೆಲ್ಲ ಟಾರ್ಚು ಹಿಡಿದು ಕಾವಲು ಕೂತುಬಿಡುತ್ತೇನೋ ಎಂದು ಹೆದರಿ ಅವನು ತನ್ನಿಂದಲೂ ಮುಚ್ಚಿಟ್ಟಿರಬೇಕು. ಹೆದರಿಕೆ ತಪ್ಪೇನೂ ಅಲ್ಲ.

"ಏನಿಲ್ಲ ರೀ," ಎಂದಳು. "ಟೀ ಆರೋಗುತ್ತೆ, ಕುಡೀರಿ."

ಅವನು ನಿರಾಳವಾಗಿ ಟೀ ಹೀರಿದ, ನಾಳೆಯ ಬಿಸಿಲಿನ ಬಗ್ಗೆ ಉದ್ದಕ್ಕೆ ಮಾತು ಶುರು ಮಾಡಿದ. ಅವಳು ಹೂಂಗುಟ್ಟುತ್ತ ಕೇಳಿದಳು. ಭಾವನಿಗೆ ಹೇಳುವುದಿಲ್ಲ, ಫೋನು ಮಾಡಿದಾಗ ತಂಗಿಗೂ ಹೇಳುವುದಿಲ್ಲ, ಪಕ್ಕದಲ್ಲಿ ಕೂತ ಈ ಮನುಷ್ಯನಿಗಂತೂ ಎಂದಿಗೂ ಇಲ್ಲ ಎಂದು ಅವಳು ಆಗಲೇ ನಿರ್ಧರಿಸಿಯಾಗಿತ್ತು.