ಖಾಲಿ ಹೋದ ಡಬ್ಬಿ

ನಮ್ಮ ಸಮಾಜಶಾಸ್ತ್ರದ ಮೇಡಂ ಕೊಟ್ಟ ಕೆಲಸ ಅಜ್ಜಿ ಕಥೆಯ ಹಾಗೇ ಇತ್ತು. ಏಳನೇ ಬಾಗಿಲು ಮಾತ್ರ ತೆಗೀಬೇಡ ಅಂದಮೇಲೆ ತೆಗೆಯದ ರಾಜಕುಮಾರಿ ಎಲ್ಲಾದರೂ ಇದ್ದಾಳೆಯೇ? "ಎಲ್ಲರೂ ದಿನಾ ಪಾಲಿಸೋ, ಯಾರೂ ಬರೆದಿಡದ ಒಂದು ನಿಯಮ ಮುರೀರಿ. ಜನ ಏನ್ ಮಾಡ್ತಾರೆ ನೋಡಿ ಬರ್ಕೊಳ್ಳಿ. ಆಮೇಲೆ ಅವರಿಗೆ ನಿಜ ಹೇಳ್ಬಿಡಿ," ಅಂದಿದ್ದರು ಮೇಡಂ.

ತುಮಕೂರಿಂದ ಗುಬ್ಬಿಗೆ ಬರುವಷ್ಟೂ ಹೊತ್ತು ಬಸ್ಸಿನ ಕಿಟಕಿಗೆ ತಲೆ ಆನಿಸಿ ಯೋಚಿಸಿದೆ. ಮನೆಗೆ ಬಂದರೆ ಆ ನಿಯಮ ಅಡುಗೆಮನೆ ಕಟ್ಟೆಯ ಮೇಲೇ ಕೂತಿತ್ತು: ಪಕ್ಕದ ಮನೆ ಕರಿಬಸಮ್ಮನ ಸ್ಟೀಲ್ ಡಬ್ಬಿ. ಅದರಲ್ಲಿ ಬಂದಿದ್ದ ತಂಬಿಟ್ಟು ಮುಗಿದಿತ್ತು. ನಮ್ಮ ಬೀದಿಯಲ್ಲಿ ಡಬ್ಬಿ ಖಾಲಿ ವಾಪಸ್ ಹೋಗೋದಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆ, ಎರಡೆಸಳು ಕರಿಬೇವಾದರೂ ಹಾಕಬೇಕು. ನಾನು ತೊಳೆದು, ಒರೆಸಿ, ಬರೀ ಡಬ್ಬಿ ಕೊಟ್ಟುಬಂದೆ.

ಕರಿಬಸಮ್ಮ ಮುಚ್ಚಳ ತೆಗೆದು ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಡಬ್ಬಿ ನೋಡಿದರು. "ಅಜ್ಜಿ ಚೆನ್ನಾಗವ್ರಾ ಮಗ?" ಅಂದರು, ಅಷ್ಟೇ. 'ಕೋಪವಿಲ್ಲ, ಡಬ್ಬಿ ಎರಡು ಸಲ ನೋಡಿದರು' ಅಂತ ಬರೆದುಕೊಂಡೆ.

ಸಂಜೆ ಕರಿಬಸಮ್ಮ ಅಕ್ಕಿ ಚೀಲ ಸೊಂಟಕ್ಕೇರಿಸಿಕೊಂಡು ಬಂದು ನಮ್ಮ ಜಗುಲಿ ಮೇಲಿಟ್ಟರು. ಹಿಂದೆಯೇ ಎದುರುಮನೆಯ ಸುಶ್ಮಿತಾ ಟೀಚರ್, ಕೈಯಲ್ಲಿ ತೊಗರಿಬೇಳೆ.

"ಸಂಕೋಚ ಪಡ್ಬ್ಯಾಡಿ ರಂಗಕ್ಕ. ಕಷ್ಟ ಯಾರಿಗೆ ಬರಲ್ಲ?" ಅಂದರು ಕರಿಬಸಮ್ಮ ಅಜ್ಜಿಗೆ.

ನನ್ನ ಅಜ್ಜಿ ರಂಗಲಕ್ಷ್ಮಮ್ಮ ಐವತ್ತು ವರ್ಷ ಈ ಬೀದಿಯಲ್ಲಿ ಯಾರನ್ನೂ ಒಂದು ಲೋಟ ಹಾಲು ಕೇಳದೆ ಬಾಳಿದವಳು. ಅವರಿಬ್ಬರೂ ಹೋದಮೇಲೆ ನನ್ನ ಕಿವಿ ಹಿಡಿದಳು. "ಏನ್ಲೇ ಮಾಡ್ದೆ?"

ಹೇಳಿದೆ.

"ಇಡೀ ಬೀದಿ ಮುಂದೆ ನನ್ನ ತಿರುಪೆಯವಳ್ನ ಮಾಡ್ಬುಟ್ಯಲ್ಲೇ! ಇನ್ನ ನಲ್ಲಿ ಹತ್ರ ತಲೆ ಎತ್ತೋದು ಹೆಂಗೆ?"

ಓಡಿಹೋಗಿ ಕರಿಬಸಮ್ಮನಿಗೆ ಕಾಲೇಜು, ಮೇಡಂ, ನಿಯಮ ಎಲ್ಲ ಬಿಡಿಸಿ ಹೇಳಿದೆ. ಅವರು ನನ್ನ ತಲೆ ಸವರಿದರು.

"ಚಿಕ್ಕೋಳಿದ್ದಾಗಿಂದ್ಲೂ ಕಥೆ ಕಟ್ಟೋದ್ರಲ್ಲಿ ನೀನು ಎತ್ತಿದ ಕೈ ಕಣವ್ವ. ಮನೆ ಮಾನ ಮುಚ್ಚೋಕೆ ಎಷ್ಟು ಚೆಂದಾಗಿ ಹೇಳ್ತೀಯ!"

ಕಣ್ಣೊರೆಸಿಕೊಂಡು ಒಂದು ತೆಂಗಿನಕಾಯಿಯನ್ನೂ ಕೊಟ್ಟು ಕಳಿಸಿದರು.

ಕಾಯಿ ನೋಡಿದ್ದೇ ಅಜ್ಜಿ ಸೆರಗು ಸಿಕ್ಕಿಸಿದಳು. ಕಾಂಪೌಂಡ್ ಹತ್ತಿರ ಹೋಗಿ ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಏ ಕರಿಬಸವ್ವ! ಡಬ್ಬಿ ಯಾಕೆ ಖಾಲಿ ಕಳಿಸ್ದೆ ಗೊತ್ತಾ? ಅದೇನು ತಂಬಿಟ್ಟೋ, ಸಿಮೆಂಟೋ? ಬೆಲ್ಲ ಹಾಕೋಕೆ ಕೈ ಬರ್ಲಿಲ್ವಾ?"

ನಾನು ಕಣ್ಣು ಮುಚ್ಚಿಕೊಂಡೆ.

ಆ ಕಡೆ ಪಾತ್ರೆ ಬಿದ್ದ ಸದ್ದು. "ಏನಂದ್ರೀ ರಂಗಕ್ಕ? ನನ್ನ ತಂಬಿಟ್ಟಿಗಾ? ನಿಮ್ಮ ಹುಳಿಗೆ ಉಪ್ಪಿಲ್ದಿದ್ರೂ ಮೂವತ್ತು ವರ್ಷ ಬಾಯಿ ಮುಚ್ಕಂಡು ತಿಂದಿಲ್ವಾ ನಾನು!"

"ತಿಂದೆಯಲ್ಲ, ಸೌಟು ನೆಕ್ಕಿ ತಿಂದೆ!"

ಬೀದಿಯ ಬಾಗಿಲುಗಳೆಲ್ಲ ತೆರೆದವು. ಜಗಳ ಇಬ್ಬರ ಅತ್ತೆಯಂದಿರ ಅಡುಗೆಯವರೆಗೂ ಹೋಯಿತು. ಹಂಗಿನಲ್ಲಿರುವವರು ಊಟಕ್ಕೆ ಹೆಸರಿಡುವುದಿಲ್ಲವಲ್ಲ, ಕೇಳುತ್ತ ನಿಂತವರಿಗೆ ನಮಗೆ ನಿಜಕ್ಕೂ ಕಷ್ಟ ಬಂದಿದೆಯಾ ಅಂತ ಅನುಮಾನ ಶುರುವಾಯಿತು. ಸುಶ್ಮಿತಾ ಟೀಚರ್ ಮೆಲ್ಲಗೆ ಬಂದು ಬೇಳೆ ಎತ್ತಿಕೊಂಡು ಹೋದರು. ಕೊನೆಗೆ ಕರಿಬಸಮ್ಮ ದಡದಡ ಬಂದು, "ಇಷ್ಟು ಕೊಬ್ಬಿರೋರಿಗೆ ನನ್ನ ಅಕ್ಕಿ ಬೇರೆ ಕೇಡು!" ಅಂತ ಚೀಲ ಹೊತ್ತುಕೊಂಡರು.

"ಕಾಯಿನೂ ತಗಂಡೋಗು!" ಅಂದಳು ಅಜ್ಜಿ. ಅಷ್ಟು ಖುಷಿಯಾಗಿ ಅವಳು ಯಾರನ್ನೂ ಬೈದದ್ದು ನಾನು ಕೇಳಿರಲಿಲ್ಲ.